ಬಾರಪ್ಪ, 194ನೆಯವನೇ

ವಿಶ್ವಸಂಸ್ಥೆಯಲ್ಲಿ ಈಗ 193 ದೇಶಗಳಿವೆ. ಕಡೆಯದಾಗಿ ಒಳಗೆ ಬಂದದ್ದು ದಕ್ಷಿಣ ಸುಡಾನ್, 2011ರ ಜುಲೈಯಲ್ಲಿ. ಆಮೇಲೆ ಬಾಗಿಲಲ್ಲಿ ಹೊಸ ಮುಖ ಕಂಡಿಲ್ಲ. ಆದರೂ ಭೂಪಟದ ಯಾವುದೋ ಮೂಲೆಯಲ್ಲಿ ನೀನು ಹುಟ್ಟುವ ತಯಾರಿಯಲ್ಲಿದ್ದೀಯ ಎಂಬುದು ನನಗೆ ಗೊತ್ತು. ಬಾವುಟಕ್ಕೆ ಯಾವ ಬಣ್ಣ, ನೋಟಿನ ಮೇಲೆ ಯಾರ ಮುಖ, ರಾಷ್ಟ್ರಗೀತೆಗೆ ಯಾವ ರಾಗ ಎಂದು ನಿನ್ನ ಹಿರಿಯರು ರಾತ್ರಿಯಿಡೀ ಕೂತು ಜಗಳವಾಡುತ್ತಿರಬಹುದು. ಆಡಲಿ ಬಿಡು. ಮುಂದೆ ನಿನ್ನ ಮಾತು ನಡೆಯುವುದು ಆ ಮೂರು ವಿಷಯಗಳಲ್ಲಿ ಮಾತ್ರ. ಉಳಿದದ್ದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೋ. ಫೀಸು ಬೇಡ.

ದೇಶ ಎನ್ನಿಸಿಕೊಳ್ಳಲು ಏನೇನು ಬೇಕು ಎಂದು 1933ರಲ್ಲೇ ಮಾಂಟೆವಿಡಿಯೊ ನಗರದಲ್ಲಿ ಕೂತು ಬರೆದಿಟ್ಟಿದ್ದಾರೆ. ಜನ ಇರಬೇಕು, ನೆಲ ಇರಬೇಕು, ಸರ್ಕಾರ ಇರಬೇಕು, ಬೇರೆ ದೇಶಗಳ ಜೊತೆ ವ್ಯವಹರಿಸುವ ತಾಕತ್ತಿರಬೇಕು. ಇದನ್ನು ಓದಿ ನಂಬಿ ಕೆಟ್ಟವರಲ್ಲಿ ಸೊಮಾಲಿಲ್ಯಾಂಡ್ ಒಂದು. 1991ರಿಂದ ಬೇರೆಯಾಗಿ ಬಾಳುತ್ತಿದೆ. ಸ್ವಂತ ಸೈನ್ಯ, ಸ್ವಂತ ನಾಣ್ಯ ಉಂಟು. ಚುನಾವಣೆಯಲ್ಲಿ ಸೋತ ಅಧ್ಯಕ್ಷರು ತೆಪ್ಪಗೆ ಮನೆಗೆ ಹೋದದ್ದೂ ಉಂಟು (ಭದ್ರತಾ ಮಂಡಳಿಯ ಐದೂ ದೊಡ್ಡವರ ಬಗ್ಗೆ ಈ ಮಾತು ಹೇಳಲು ಬರುವುದಿಲ್ಲ). ವಿಶ್ವಸಂಸ್ಥೆಯಲ್ಲಿ ಕುರ್ಚಿ ಮಾತ್ರ ಇಲ್ಲ.

ಅದೇ 1945ಕ್ಕೆ ಹೋಗಿ ನೋಡು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಭಾರತಕ್ಕೆ ಸ್ವಾತಂತ್ರ್ಯ ಬರಲು ಆಗಿನ್ನೂ ಎರಡು ವರ್ಷ ಬಾಕಿ. ಸ್ವತಂತ್ರ ದೇಶವೇ ಅಲ್ಲ, ಆದರೆ ಸ್ಥಾಪಕ ಸದಸ್ಯ! ಮೊದಲಿಯಾರರು ಮರುವರ್ಷ ಮೈಸೂರಿಗೆ ದಿವಾನರಾಗಿ ಬಂದರು. ಜನರ ಹಕ್ಕಿನ ಬಗ್ಗೆ ದೊಡ್ಡ ದೊಡ್ಡ ಮಾತಿರುವ ಸನ್ನದಿಗೆ ರುಜು ಹಾಕಿಬಂದ ಅವರ ಎದುರಿಗೇ ನಮ್ಮ ಹುಡುಗರು ಜವಾಬ್ದಾರಿ ಸರ್ಕಾರ ಕೊಡಿ ಎಂದು ‘ಮೈಸೂರು ಚಲೋ’ ಹೊರಟು, ‘ಆರ್ಕಾಟ್ ಬಾಯ್ಕಾಟ್’ ಎಂದು ಕೂಗಬೇಕಾಯಿತು. ಸನ್ನದಿನ ಮಾತು ಬೇರೆ, ಮೈಸೂರಿನ ಮಾತು ಬೇರೆ.

ಉಕ್ರೇನ್ ಮತ್ತು ಬೆಲಾರುಸ್ ಕಥೆ ಇನ್ನೂ ಸೊಗಸು. ಸೋವಿಯತ್ ಒಕ್ಕೂಟದ ಹೊಟ್ಟೆಯೊಳಗಿದ್ದ ಈ ಎರಡಕ್ಕೂ ಬೇರೆ ಬೇರೆ ಕುರ್ಚಿ ಬೇಕೆಂದು ಯಾಲ್ಟಾದಲ್ಲಿ ಹಟ ಹಿಡಿದು ಗಿಟ್ಟಿಸಿಕೊಂಡವರು ಸ್ಟಾಲಿನ್. ಒಂದು ವೋಟಿನ ಜಾಗದಲ್ಲಿ ಮೂರು ಸಿಗುವುದಾದರೆ ಯಾರಿಗೆ ಬೇಡ? ಹೀಗೆ ಉಕ್ರೇನಿಗೆ ಪ್ರತ್ಯೇಕ ಕುರ್ಚಿ ಬೇಕೆಂದು ಜಗತ್ತಿನ ಮುಂದೆ ವಾದಿಸಿದ್ದು ಕ್ರೆಮ್ಲಿನ್. ಅದು ನಿಜವಾದ ದೇಶವೇ ಅಲ್ಲ ಎಂದು ಈಗ ವಾದಿಸುತ್ತಿರುವುದೂ ಕ್ರೆಮ್ಲಿನ್.

ಆದ್ದರಿಂದ ಜನ, ನೆಲ ಇತ್ಯಾದಿಗಳ ಚಿಂತೆ ಆಮೇಲೆ. ಬಾಗಿಲು ಕಾಯುವ ಐವರಲ್ಲಿ ಯಾರಿಗೂ ನಿನ್ನ ಮೇಲಾಗಲಿ, ನಿನ್ನ ಸ್ನೇಹಿತರ ಮೇಲಾಗಲಿ ಮುನಿಸಿಲ್ಲದಂತೆ ನೋಡಿಕೋ. ಕಮ್ಯುನಿಸ್ಟ್ ಚೀನಾ ಒಳಗೆ ಬಂದದ್ದೇ 1971ರ ಅಕ್ಟೋಬರ್‌ನಲ್ಲಿ. ವರ್ಷ ತುಂಬುವ ಮೊದಲೇ ತನ್ನ ಮೊದಲ ವೀಟೊ ಚಲಾಯಿಸಿದ್ದು ಬಾಂಗ್ಲಾದೇಶದ ಮುಖಕ್ಕೆ ಬಾಗಿಲು ಬಡಿಯಲು. ಬಾಂಗ್ಲಾ ಒಳಗೆ ಬರಲು 1974 ಆಯಿತು. ಅದಕ್ಕೂ ಮುಂಚೆ ಚೀನಾದ ಕುರ್ಚಿಯಲ್ಲಿ ತೈವಾನಿನವರು ಕೂತಿದ್ದಾಗ, 1955ರಲ್ಲಿ, ಮಂಗೋಲಿಯಾ ನಮ್ಮದೇ ಎಂದು ಅದನ್ನು ತಡೆದರು. ಸಿಟ್ಟಿಗೆದ್ದ ಸೋವಿಯತ್ ಒಕ್ಕೂಟ ಜಪಾನನ್ನು ತಡೆಯಿತು. ಮಂಗೋಲಿಯಾಕ್ಕೂ ಜಪಾನಿಗೂ ಏನು ಸಂಬಂಧ ಎಂದು ಕೇಳುವಷ್ಟು ದಡ್ಡ ನೀನಾಗಿದ್ದರೆ ಈ ದೇಶ ಕಟ್ಟುವ ಉಸಾಬರಿಗೆ ಹೋಗಲೇಬೇಡ. ಪ್ಯಾಲೆಸ್ಟೀನ್ 2024ರ ಏಪ್ರಿಲ್‌ನಲ್ಲಿ ಪೂರ್ಣ ಸದಸ್ಯತ್ವ ಕೇಳಿತು. ಹನ್ನೆರಡು ಕೈ ಮೇಲೆದ್ದವು. ಹದಿಮೂರನೆಯ ಕೈ ಅಮೆರಿಕದ್ದು, ವಿರುದ್ಧ. ಲೆಕ್ಕ ಮುಗಿಯಿತು.

ಒಳಗೆ ಬಂದೆ ಅಂತಲೇ ಇಟ್ಟುಕೋ. ಸನ್ನದನ್ನು ಒಂದು ಸಲ ಓದು. ಎಲ್ಲ ಸದಸ್ಯರೂ ಸಮಾನ ಸಾರ್ವಭೌಮರು ಎನ್ನುತ್ತದೆ 2ನೆಯ ವಿಧಿ. ಕಣ್ಣಿಗೊತ್ತಿಕೊಂಡು ಮುಂದಕ್ಕೆ ಹೋಗು. 23ರಲ್ಲಿ ಐದು ಕಾಯಂ ಹೆಸರುಗಳಿವೆ. ಆ ಐವರಲ್ಲಿ ಒಬ್ಬರಿಗೆ ಬೇಡವಾದರೂ ಮುಖ್ಯವಾದದ್ದೇನೂ ನಡೆಯದು ಎಂಬುದು 27ರ ತಾತ್ಪರ್ಯ. ತಮಾಷೆಯೆಂದರೆ ಆ ಐದರಲ್ಲಿ ಎರಡು ಹೆಸರು ಇವತ್ತಿಗೂ ‘ಚೀನಾ ಗಣರಾಜ್ಯ’ ಮತ್ತು ‘ಸೋವಿಯತ್ ಸಮಾಜವಾದಿ ಗಣರಾಜ್ಯಗಳ ಒಕ್ಕೂಟ’. ಮೊದಲನೆಯದನ್ನು 1971ರಲ್ಲಿ ಎಬ್ಬಿಸಿ ಬೀಜಿಂಗನ್ನು ಕೂರಿಸಿದರು. ಎರಡನೆಯದು 1991ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಬೋರಿಸ್ ಯೆಲ್ಟ್ಸಿನ್ ಪ್ರಧಾನ ಕಾರ್ಯದರ್ಶಿಗೆ ಒಂದು ಪತ್ರ ಬರೆದರು, ಮೇಜಿನ ಮೇಲಿನ ಫಲಕ ಬದಲಾಯಿತು, ಅಷ್ಟೇ. ನಮ್ಮ ಕಡೆ ಅಪ್ಪ ಬಿಟ್ಟುಹೋದ ಇಪ್ಪತ್ತು ಗುಂಟೆಗೆ ಪೌತಿ ಖಾತೆ ಮಾಡಿಸಬೇಕೆಂದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣತಮ್ಮಂದಿರ ಒಪ್ಪಿಗೆ, ಅದರ ಮೇಲೆ ನಾಡಕಚೇರಿಗೆ ಚಪ್ಪಲಿ ಸವೆಯುವಷ್ಟು ಓಡಾಟ. ಒಂದು ಮಹಾಸಾಮ್ರಾಜ್ಯದ ವೀಟೊ ಒಂದು ಕಾಗದದಲ್ಲಿ ವರ್ಗವಾಯಿತು. ದಾಯಾದಿಗಳು ತಕರಾರು ತೆಗೆಯಲಿಲ್ಲವೇ ಎನ್ನುತ್ತೀಯಾ? ಇಲ್ಲ. ಅಲ್ಮಾ ಆಟಾದಲ್ಲಿ ಸೇರಿ, ರಷ್ಯಾವೇ ಕೂತುಕೊಳ್ಳಲಿ ಎಂದು ತಲೆಯಾಡಿಸಿದರು. ತಲೆಯಾಡಿಸಿದವರಲ್ಲಿ ಉಕ್ರೇನೂ ಇತ್ತು.

ಆ ಕುರ್ಚಿಯ ಮಹಿಮೆ ತಿಳಿಯಬೇಕಾದರೆ 2022ರ ಫೆಬ್ರುವರಿಯ ಕಡೆಯ ವಾರಕ್ಕೆ ಬಾ. ಭದ್ರತಾ ಮಂಡಳಿಯ ಅಧ್ಯಕ್ಷಗಿರಿ ತಿಂಗಳಿಗೊಬ್ಬರಂತೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಸುತ್ತುತ್ತದೆ. ಆ ತಿಂಗಳು ಪಾಳಿ ರಷ್ಯಾದ್ದು. 23ರ ರಾತ್ರಿ ನ್ಯೂಯಾರ್ಕ್‌ನಲ್ಲಿ ತುರ್ತು ಸಭೆ. ಯುದ್ಧ ತಪ್ಪಿಸಿ ಎಂದು ರಾಯಭಾರಿಗಳು ಒಬ್ಬೊಬ್ಬರಾಗಿ ಬರೆದು ತಂದದ್ದನ್ನು ಓದುತ್ತಿದ್ದಾರೆ. ಅಧ್ಯಕ್ಷಪೀಠದಲ್ಲಿ ರಷ್ಯಾದ ವಾಸಿಲಿ ನೆಬೆನ್‌ಝಿಯಾ. ಸಭೆ ನಡೆಯುತ್ತಿರುವಾಗಲೇ ಅತ್ತ ಪುಟಿನ್ ಟಿವಿಯಲ್ಲಿ ಬಂದು ‘ವಿಶೇಷ ಸೇನಾ ಕಾರ್ಯಾಚರಣೆ’ ಘೋಷಿಸಿದರು. ಇತ್ತ ಓದುತ್ತಿದ್ದ ಭಾಷಣ ಓದುತ್ತಿದ್ದಂತೆಯೇ ಹಳಸಿತು. ನಿಮ್ಮ ವಿದೇಶಾಂಗ ಸಚಿವರಿಗೆ ಈಗಲೇ ಫೋನ್ ಮಾಡಿ ಎಂದು ಉಕ್ರೇನಿನ ರಾಯಭಾರಿ ಸೆರ್ಹಿಯ್ ಕಿಸ್ಲಿತ್ಸ್ಯಾ ಒತ್ತಾಯಿಸಿದರು. ಈ ಹೊತ್ತಿನಲ್ಲಿ ಲಾವ್ರೋವ್ ಅವರನ್ನು ಎಬ್ಬಿಸುವ ಯೋಚನೆ ತಮಗಿಲ್ಲ ಎಂದರು ಅಧ್ಯಕ್ಷರು. ಕೀವ್ ನಗರದ ಜನರನ್ನು ಕ್ಷಿಪಣಿಗಳು ಎಬ್ಬಿಸಲಿದ್ದವು. ಸಚಿವರ ನಿದ್ದೆ ಮಾತ್ರ ಕೆಡಬಾರದು.

ಎರಡು ದಿನ ಬಿಟ್ಟು ಆಕ್ರಮಣ ನಿಲ್ಲಿಸಿ ಎಂಬ ನಿರ್ಣಯ ಮಂಡಳಿಯ ಮುಂದೆ ಬಂತು. ಪರ 11. ದೂರ ಉಳಿದವರು 3: ಚೀನಾ, ಯುಎಇ, ಮತ್ತೆ ನಮ್ಮವರು. ವಿರೋಧ 1. ವಿರೋಧಿಸಿ ಕೈ ಎತ್ತಿದವರೂ, ಸಭೆ ನಡೆಸಿದವರೂ, ನಿರ್ಣಯ ಬಿದ್ದುಹೋಯಿತು ಎಂದು ಸಾರಿದವರೂ ಒಬ್ಬರೇ. ಆ ಪಾಳಿ ಸುತ್ತಿ ಮತ್ತೆ ರಷ್ಯಾಕ್ಕೆ ಬಂದದ್ದು 2023ರ ಏಪ್ರಿಲ್ 1ರಂದು. ದಿನಾಂಕ ನಾನು ಆರಿಸಿದ್ದಲ್ಲ.

ಇಷ್ಟು ಸಲೀಸಾದ ಕುರ್ಚಿಯನ್ನು ಬಿಟ್ಟು ಎದ್ದವರು ಇಲ್ಲವೇ? ಒಮ್ಮೆ ಸೋವಿಯತ್ ಒಕ್ಕೂಟವೇ ಎದ್ದುಹೋಗಿತ್ತು. ಚೀನಾದ ಜಾಗದಲ್ಲಿ ತೈವಾನಿನವರನ್ನು ಕೂರಿಸಿದ್ದೀರಿ ಎಂದು 1950ರ ಜನವರಿಯಲ್ಲಿ ಮುನಿಸಿಕೊಂಡು ನಡೆಯಿತು. ಜೂನ್‌ನಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ ಮಂಡಳಿಯ ಅಧ್ಯಕ್ಷರಾಗಿದ್ದವರು ಭಾರತದ ಪ್ರತಿನಿಧಿ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಅಡ್ಡಗೈ ಹಾಕುವವನೇ ಇಲ್ಲದ್ದರಿಂದ ಕೆಲವೇ ದಿನಗಳಲ್ಲಿ ನಿರ್ಣಯಗಳು ಸರಸರನೆ ಪಾಸಾದವು. ಆಗಸ್ಟ್‌ನಲ್ಲಿ ತನ್ನ ಅಧ್ಯಕ್ಷತೆಯ ಪಾಳಿ ಬಂತೆಂದು ಸೋವಿಯತ್ ಪ್ರತಿನಿಧಿ ಓಡೋಡಿ ಬಂದು ಕೂತರು. ಅಲ್ಲಿಂದೀಚೆಗೆ ಐವರಲ್ಲಿ ಯಾರೂ ಮುನಿಸಿನ ಭರದಲ್ಲಿ ತಿಂಗಳುಗಟ್ಟಲೆ ಕುರ್ಚಿ ಬಿಟ್ಟ ಉದಾಹರಣೆಯಿಲ್ಲ. ಕಲಿಯಬೇಕಾದ ಪಾಠವನ್ನು ಅವರು ಒಂದೇ ಸಲಕ್ಕೆ ಕಲಿತರು.

ರಷ್ಯಾದ ಕಥೆ ಕೇಳಿ ಅಮೆರಿಕದ ಪಕ್ಕ ಹೋಗಿ ಕೂರೋಣ ಎಂದುಕೊಂಡೆಯಾ? ಗಾಜಾ ಯುದ್ಧದ ಕುರಿತು ಬಂದ ನಿರ್ಣಯಗಳನ್ನು ಅದು 2023ರ ಅಕ್ಟೋಬರ್‌ನಿಂದ 2025ರ ಸೆಪ್ಟೆಂಬರ್‌ವರೆಗೆ ಆರು ಬಾರಿ ಹೊಡೆದು ಹಾಕಿತು. ಆರನೆಯ ಸಲ ಉಳಿದ ಹದಿನಾಲ್ಕೂ ಸದಸ್ಯರು ಒಂದು ಕಡೆ ಇದ್ದರು. ನಿಕರಾಗುವಾ 1986ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಅಮೆರಿಕದ ವಿರುದ್ಧ ಗೆದ್ದು, ತೀರ್ಪು ಜಾರಿಮಾಡಿಸಿ ಎಂದು ಭದ್ರತಾ ಮಂಡಳಿಗೆ ಹೋಯಿತು. ಅಲ್ಲಿ ಕೂತಿದ್ದವರು ಯಾರು? ಸೋತ ಕಕ್ಷಿದಾರರೇ. ಸಮುದ್ರ ಕಾನೂನಿನ ಒಪ್ಪಂದವನ್ನು ಅಮೆರಿಕ ಇವತ್ತಿಗೂ ಅನುಮೋದಿಸಿಲ್ಲ. ಆದರೆ ಅದೇ ಕಾನೂನನ್ನು ಚೀನಾ ಪಾಲಿಸಬೇಕೆಂದು ದಕ್ಷಿಣ ಚೀನಾ ಸಮುದ್ರಕ್ಕೆ ಯುದ್ಧನೌಕೆ ಕಳಿಸುತ್ತದೆ. ಚೀನಾ ಆ ಒಪ್ಪಂದಕ್ಕೆ ಸಹಿಯನ್ನೂ ಹಾಕಿದೆ, ಅನುಮೋದನೆಯನ್ನೂ ಕೊಟ್ಟಿದೆ. 2016ರಲ್ಲಿ ಫಿಲಿಪೀನ್ಸ್ ಪರವಾಗಿ ತೀರ್ಪು ಬಂದಾಗ ಅದನ್ನು ರದ್ದಿ ಕಾಗದ ಎಂದಿತು. ಒಪ್ಪದವನು ಕಾವಲು ಕಾಯುತ್ತಾನೆ, ಒಪ್ಪಿದವನು ಹರಿದು ಎಸೆಯುತ್ತಾನೆ. ಇವರಿಬ್ಬರ ನಡುವೆ ಮೀನು ಹಿಡಿಯಬೇಕಾದವನು ಫಿಲಿಪೀನ್ಸಿನ ಬೆಸ್ತ.

ಅಂದಹಾಗೆ ಕಟ್ಟಡದ ಬಗ್ಗೆಯೂ ಒಂದು ಮಾತು. ವಿಶ್ವಸಂಸ್ಥೆಗೆ ಅತಿ ಹೆಚ್ಚು ವಂತಿಗೆ ಕೊಡಬೇಕಾದದ್ದು ಅಮೆರಿಕ. ಅತಿ ಹೆಚ್ಚು ಬಾಕಿ ಉಳಿಸಿಕೊಂಡಿರುವುದೂ ಅದೇ. ದುಡ್ಡಿಲ್ಲದೆ 2019ರಲ್ಲಿ ಅಲ್ಲಿ ಎಸ್ಕಲೇಟರುಗಳನ್ನೇ ನಿಲ್ಲಿಸಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಡೊನಾಲ್ಡ್ ಟ್ರಂಪ್ ಭಾಷಣಕ್ಕೆ ಬಂದಾಗ ಅವರು ಕಾಲಿಟ್ಟ ಎಸ್ಕಲೇಟರ್ ನಿಂತುಹೋಯಿತು. ಪಿತೂರಿ, ತನಿಖೆಯಾಗಲಿ ಎಂದು ಗುಡುಗಿದರು. ಅವರ ಮುಂದೆ ಹಿಮ್ಮುಖವಾಗಿ ಹತ್ತುತ್ತಿದ್ದ ಅಮೆರಿಕದ ವಿಡಿಯೊಗ್ರಾಫರನೇ ಅದರ ಸುರಕ್ಷತಾ ಸಾಧನ ತಾಗಿಸಿರಬಹುದು ಎಂದಿತು ವಿಶ್ವಸಂಸ್ಥೆ. ಎಂಬತ್ತು ವರ್ಷದ ಸಂಸ್ಥೆ ತಾನಾಗಿ ನಡೆಸಿದ ಅತಿ ತ್ವರಿತ ಸತ್ಯಶೋಧನೆ ಬಹುಶಃ ಇದೇ.

ನೆರೆಯವರು ಕಾಡಿದರೆ ಯಾರ ಬಳಿ ಹೋಗಲಿ ಎಂದು ನೀನು ಕೇಳಬಹುದು. 1994ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಉಕ್ರೇನ್ ತನ್ನ ನೆಲದಲ್ಲಿದ್ದ ಸೋವಿಯತ್ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿತು. ಆಗ ಅದು ಜಗತ್ತಿನ ಮೂರನೆಯ ಅತಿ ದೊಡ್ಡ ದಾಸ್ತಾನು. ಬದಲಿಗೆ ನಿನ್ನ ಗಡಿಯನ್ನು ಗೌರವಿಸುತ್ತೇವೆ ಎಂದು ಅಮೆರಿಕ, ಬ್ರಿಟನ್, ರಷ್ಯಾ ಸಹಿ ಹಾಕಿದ ಕಾಗದ ಸಿಕ್ಕಿತು. ಬಾಂಬು ಕೊಟ್ಟು ಭರವಸೆ ಪಡೆದವರ ಗತಿ ಹೀಗಾದರೆ, ಬಾಂಬು ಇಟ್ಟುಕೊಂಡ ಉತ್ತರ ಕೊರಿಯಾದ ತಂಟೆಗೆ ಯಾರೂ ಹೋಗಿಲ್ಲ. ಇದನ್ನು ನಾನು ಸಲಹೆಯಾಗಿ ಹೇಳುತ್ತಿಲ್ಲ, ಇತಿಹಾಸವಾಗಿ ಹೇಳುತ್ತಿದ್ದೇನೆ.

ವ್ಯಾಪಾರದ ತಕರಾರಾದರೆ ಜಿನೀವಾಕ್ಕೆ ಹೋಗು. ಡಬ್ಲ್ಯುಟಿಒದಲ್ಲಿ ಒಂದು ಮೇಲ್ಮನವಿ ಪೀಠವಿದೆ. ಏಳು ಜನ ಕೂರಬೇಕು, ಒಂದು ಪ್ರಕರಣ ಕೇಳಲು ಮೂವರಾದರೂ ಬೇಕು. ಹೊಸಬರ ನೇಮಕಕ್ಕೆ ಅಮೆರಿಕ ಒಪ್ಪದೆ, ಹಳಬರು ಒಬ್ಬೊಬ್ಬರಾಗಿ ನಿವೃತ್ತರಾಗಿ, 2019ರ ಡಿಸೆಂಬರ್‌ನಲ್ಲಿ ಒಬ್ಬರೇ ಉಳಿದರು; ಮರುವರ್ಷ ನವೆಂಬರ್‌ಗೆ ಅವರೂ ಹೋದರು. ಪೀಠ ಖಾಲಿ, ಆದರೆ ರದ್ದಾಗಿಲ್ಲ! ಇದರ ಸುಖ ಗೊತ್ತೇ? ಕೆಳಗಿನ ಸಮಿತಿಯಲ್ಲಿ ಸೋತವನು ಮೇಲ್ಮನವಿ ಹಾಕಿದರೆ ಸಾಕು. ಕೇಳುವವರಿಲ್ಲ, ತೀರ್ಪಿಲ್ಲ, ಆದ್ದರಿಂದ ಸೋಲೂ ಇಲ್ಲ. ಇಂಡೊನೇಷ್ಯಾ ನಿಕ್ಕಲ್ ಪ್ರಕರಣದಲ್ಲಿ ಹೀಗೇ ಪಾರಾಯಿತು. ಪೀಠ ಖಾಲಿ ಮಾಡಿಸಿದ ಅಮೆರಿಕವೂ ಉಕ್ಕಿನ ಸುಂಕದ ಪ್ರಕರಣದಲ್ಲಿ ಸೋತು ಅದೇ ಖಾಲಿ ಪೀಠಕ್ಕೆ ಕೈಮುಗಿಯಿತು. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಸೇರಿ ಹೂಡಿದ್ದ ಕಬ್ಬು–ಸಕ್ಕರೆಯ ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ಸೋತದ್ದು ಯಾರು? ನಾವು. ಕಬ್ಬಿಗೆ ದರ ಕಟ್ಟಿಕೊಟ್ಟು, ಸಕ್ಕರೆ ರಫ್ತಿಗೆ ಸಹಾಯಧನ ಕೊಟ್ಟು ಮಿತಿ ಮೀರಿದ್ದೀರಿ ಎಂದರು. ನಾವೂ ಖಾಲಿ ಪೀಠಕ್ಕೆ ಅರ್ಜಿ ಹಾಕಿ ನಿರಾಳವಾಗಿ ಕೂತೆವು. ಮಂಡ್ಯ, ಬೆಳಗಾವಿಯ ಬೆಳೆಗಾರನಿಗೆ ಈ ಸುದ್ದಿ ಮುಟ್ಟಿಸದಿರುವುದು ಒಳ್ಳೆಯದು. ಬಾಕಿ ಹಣಕ್ಕೆ ಕಾರ್ಖಾನೆ ಬಾಗಿಲಲ್ಲಿ ನಿಂತವನಿಗೆ, ತನಗೆ ಸಿಕ್ಕ ದುಡ್ಡಿನಿಂದ ಜಗತ್ತಿನ ಮಾರುಕಟ್ಟೆಯೇ ಕೆಟ್ಟಿತಂತೆ ಎಂದು ತಿಳಿದರೆ ಗಾಬರಿಯಾದೀತು.

ಇಂಥ ವ್ಯವಸ್ಥೆಯನ್ನು ಬದಲಿಸಲು ಯಾರೂ ಹೊರಟಿಲ್ಲ ಎಂದುಕೊಳ್ಳಬೇಡ, ಎಲ್ಲರೂ ಹೊರಟಿದ್ದಾರೆ. ಭದ್ರತಾ ಮಂಡಳಿಯ ಸುಧಾರಣೆಗೆ ಕಾರ್ಯತಂಡ ರಚನೆಯಾದದ್ದು 1993ರಲ್ಲಿ. ಅದಕ್ಕೆ ರಾಯಭಾರಿಗಳೇ ಎಂದೂ ಮುಗಿಯದ ತಂಡ ಎಂದು ಅಡ್ಡಹೆಸರಿಟ್ಟರು. 2009ರಿಂದ ಸರ್ಕಾರಗಳ ನಡುವಿನ ಮಾತುಕತೆ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಚೌಕಾಸಿ ಮಾಡಲು ಎದುರಿಗೊಂದು ಕರಡು ಇರಬೇಕಲ್ಲ, ಆ ಒಂದು ಕರಡಿಗೆ ಇನ್ನೂ ಎಲ್ಲರೂ ಒಪ್ಪಿಲ್ಲ. ವರ್ಷದ ಕಡೆಗೆ ಕಡತ ಮುಂದಿನ ಅಧಿವೇಶನಕ್ಕೆ ಜಾರುತ್ತದೆ. ಭಾರತ, ಜಪಾನ್, ಜರ್ಮನಿ, ಬ್ರೆಜಿಲ್ ಕಾಯಂ ಕುರ್ಚಿ ಕೇಳುತ್ತಿವೆ. ಭಾರತಕ್ಕೆ ಬೇಡ ಎನ್ನಲು ಪಾಕಿಸ್ತಾನ, ಜರ್ಮನಿಗೆ ಬೇಡ ಎನ್ನಲು ಇಟಲಿ, ಜಪಾನಿಗೆ ಬೇಡ ಎನ್ನಲು ದಕ್ಷಿಣ ಕೊರಿಯಾ, ಬ್ರೆಜಿಲ್‌ಗೆ ಬೇಡ ಎನ್ನಲು ಅರ್ಜೆಂಟೀನಾ, ಮೆಕ್ಸಿಕೊ ಸೇರಿ ‘ಕಾಫಿ ಕ್ಲಬ್’ ಕಟ್ಟಿಕೊಂಡಿವೆ. ಪಾಕಿಸ್ತಾನಕ್ಕೂ ಇಟಲಿಗೂ ಇರುವ ಗಾಢ ಸ್ನೇಹದ ಗುಟ್ಟು ಇಷ್ಟೇ. ಕೂತ ಐವರಿಗೆ ಇದಕ್ಕಿಂತ ಹಿತವಾದ ನೋಟವಿಲ್ಲ. ಅವರಲ್ಲಿ ನಾಲ್ವರು ಭಾರತಕ್ಕೆ ಬೆಂಬಲ ಎಂದು ಪ್ರತಿ ಭೇಟಿಯಲ್ಲೂ ಹೇಳುತ್ತಾರೆ. ಹೇಳಲು ಖರ್ಚೇನು? ಸನ್ನದು ತಿದ್ದಬೇಕಾದರೆ ಐವರ ಅನುಮೋದನೆಯೂ ಬೇಕು ಎಂದು 108ನೆಯ ವಿಧಿ ಬರೆದದ್ದೂ ಅವರೇ.

ಇದರಲ್ಲಿ ನೀನು ಗಮನಿಸಬೇಕಾದದ್ದು ಇನ್ನೊಂದಿದೆ. ವೀಟೊವನ್ನೇ ತೆಗೆದುಹಾಕಿ ಎಂದು ಪಟ್ಟು ಹಿಡಿದು ಕೂತವರು ಸರತಿಯಲ್ಲಿ ಸಿಗುವುದಿಲ್ಲ. ಆಫ್ರಿಕಾದ ದೇಶಗಳು 2005ರಲ್ಲಿ ಎಝುಲ್ವಿನಿಯಲ್ಲಿ ಸೇರಿ ಒಂದು ನಿಲುವಿಗೆ ಬಂದವು: ವೀಟೊ ತಾತ್ವಿಕವಾಗಿ ತಪ್ಪು, ಆದರೆ ಅದು ಇರುವಷ್ಟು ಕಾಲ ನಮಗೂ ಬೇಕು. ಭಾರತ ಸೇರಿದಂತೆ ನಾಲ್ವರು ಅದೇ ವರ್ಷ ಇನ್ನೂ ಔದಾರ್ಯ ತೋರಿಸಿದರು. ಕುರ್ಚಿ ಕೊಡಿ, 15 ವರ್ಷ ವೀಟೊ ಮುಟ್ಟುವುದಿಲ್ಲ, ಆಮೇಲೆ ನೋಡೋಣ ಎಂದರು. ಆಮೇಲೆ ನೋಡೋಣ ಎಂಬುದರಲ್ಲೇ ಎಲ್ಲ ಇದೆ. ಅರಮನೆಯ ಬಾಗಿಲಲ್ಲಿ ಗುಂಪು ಸೇರಿದರೆ ದೊರೆಗಳಿಗೆ ಭಯ; ಆದರೆ ಈ ಗುಂಪಿನ ಪ್ರತಿಯೊಬ್ಬನ ಕೈಯಲ್ಲೂ ಒಂದು ಕಿರೀಟದ ಅಳತೆ ಇದೆ.

ನಮ್ಮನ್ನು ಹೊರಗಿಟ್ಟು ಈ ಮಾತು ಆಡುತ್ತಿಲ್ಲ. 1961ರ ಡಿಸೆಂಬರ್ 18ರಂದು ಭಾರತದ ಸೇನೆ ಗೋವಾಕ್ಕೆ ನುಗ್ಗಿತು. ಕಾರವಾರದ ದಡದಿಂದ ಕಾಣುವ ಅಂಜದೀವ್ ದ್ವೀಪದಲ್ಲಿ ನಮ್ಮ ನೌಕಾಪಡೆಯವರು ಪ್ರಾಣ ಕೊಟ್ಟರು. ನಾನೂರೈವತ್ತು ವರ್ಷ ಕೂತು ಬೇರುಬಿಟ್ಟ ಪೋರ್ಚುಗೀಸರು ಮಾತಿಗೆ ಬಗ್ಗುವವರಾಗಿರಲಿಲ್ಲ, ನಿಜ. ಅದೇ ದಿನ ನ್ಯೂಯಾರ್ಕ್‌ನಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ ಸೇರಿ ಭಾರತ ಸೇನೆ ಹಿಂತೆಗೆಯಲಿ ಎಂಬ ನಿರ್ಣಯ ತಂದವು. ಇದು ವಿಶ್ವಸಂಸ್ಥೆಯ ಸಾವಿನ ಮೊದಲ ಅಂಕವಾದೀತು ಎಂಬ ಅರ್ಥದಲ್ಲಿ ಅಮೆರಿಕದ ಅಡ್ಲಾಯ್ ಸ್ಟೀವನ್ಸನ್ ಮಾತಾಡಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಕ್ಯೂಬಾದ ಮೇಲಿನ ದಾಳಿಗೂ ನಮಗೂ ಸಂಬಂಧವಿಲ್ಲ ಎಂದು ವಿಮಾನದ ಫೋಟೊ ಹಿಡಿದು ವಾದಿಸಿದ್ದವರೂ ಅವರೇ. ಅಲ್ಲಿನ ಪಿಗ್ಸ್ ಕೊಲ್ಲಿಯಲ್ಲಿ ಇಳಿದದ್ದು ಸಿಐಎ ಸಾಕಿದ ಪಡೆ. (ಪಾಪ, ಅವರದೇ ಸರ್ಕಾರ ಅವರಿಗೂ ಸುಳ್ಳು ಹೇಳಿತ್ತು.) ಗೋವಾ ನಿರ್ಣಯಕ್ಕೆ ಏಳು ಮತ ಬಿದ್ದವು. ಸೋವಿಯತ್ ಪ್ರತಿನಿಧಿ ಕೈ ಎತ್ತಿದರು, ನಿರ್ಣಯ ಸತ್ತಿತು, ಗೋವಾ ನಮ್ಮದಾಯಿತು. 1971ರ ಡಿಸೆಂಬರ್‌ನಲ್ಲಿ ಢಾಕಾ ಬೀಳುವವರೆಗೆ ಅದೇ ಕೈ ಮೂರು ಸಲ ಎದ್ದಿತು. ಆ ಹತ್ತು ವರ್ಷಗಳ ನಡುವೆ ಕಾಶ್ಮೀರಕ್ಕಾಗಿಯೂ ಎದ್ದಿತ್ತು. ವೀಟೊ ಎಂಬುದು ಹಳಸಿದ ಪಾಳೆಯಗಾರಿಕೆ ಎಂದು ನ್ಯೂಯಾರ್ಕ್‌ನಲ್ಲಿ ಭಾಷಣ ಮಾಡುವಾಗ ನಮ್ಮವರು ಈ ತಾರೀಖುಗಳನ್ನು ಹೇಳುವುದಿಲ್ಲ. ನಮ್ಮ ಕೆಲಸ ನ್ಯಾಯವಾದದ್ದೇ ಆಗಿತ್ತು ಎನ್ನುತ್ತೇವೆ. ಕೈ ಎತ್ತಿಸಿಕೊಂಡವರೆಲ್ಲ ಅನ್ನುವುದೂ ಇದನ್ನೇ.

ಹಾಗಾದರೆ ಇನ್ನೊಬ್ಬರ ಗೋವಾ, ಇನ್ನೊಬ್ಬರ ಉಕ್ರೇನ್, ಇನ್ನೊಬ್ಬರ ಗಾಜಾ ಸಾಮಾನ್ಯ ಸಭೆಯ ಮುಂದೆ ಬಂದಾಗ ನೀನು ಏನು ಮಾಡಬೇಕು? ನಿನ್ನ ಮೇಜಿನ ಮೇಲೆ ಮೂರು ಗುಂಡಿಗಳಿರುತ್ತವೆ. ಹಸಿರು ಪರ, ಕೆಂಪು ವಿರೋಧ, ಹಳದಿ ಎಂದರೆ ಊರಿನಲ್ಲಿದ್ದೇನೆ ಆದರೆ ಮನೆಯಲ್ಲಿಲ್ಲ. 2022ರ ಮಾರ್ಚ್ 2ರಂದು ಉಕ್ರೇನ್ ಪರವಾಗಿ 141 ಹಸಿರು ದೀಪ ಹತ್ತಿದಾಗ ಅಮೆರಿಕ ಅದರಲ್ಲಿತ್ತು, ನಾವು ಹಳದಿ. ಮೂರು ವರ್ಷ ಕಳೆದು, 2025ರ ಫೆಬ್ರುವರಿಯಲ್ಲಿ ಅದೇ ಉಕ್ರೇನ್ ವಿಷಯ ಮತ್ತೆ ಬಂದಾಗ ಅಮೆರಿಕ ರಷ್ಯಾ, ಉತ್ತರ ಕೊರಿಯಾಗಳ ಜೊತೆ ಕೂತು ಕೆಂಪು ಗುಂಡಿ ಒತ್ತಿತು, ನಾವು ಹಳದಿ. ಗಾಜಾ ವಿಷಯದಲ್ಲಿ 2023ರ ಅಕ್ಟೋಬರ್‌ನಲ್ಲಿ ಹಳದಿ, ಡಿಸೆಂಬರ್‌ನಲ್ಲಿ ಬೆರಳು ಜಾರಿ ಹಸಿರು, 2025ರ ಜೂನ್‌ನಲ್ಲಿ ಮತ್ತೆ ಹಳದಿ. ಜಗತ್ತು ಪಕ್ಷಾಂತರ ಮಾಡಿದರೂ ನಮ್ಮ ಬಣ್ಣ ಮಾಸಿಲ್ಲ. ಇದಕ್ಕೆ ದೆಹಲಿಯಲ್ಲಿ ವ್ಯೂಹಾತ್ಮಕ ಸ್ವಾಯತ್ತತೆ ಎನ್ನುತ್ತಾರೆ. ನೀನು ಚಿಕ್ಕ ದೇಶ, ನಿನಗೆ ಅಷ್ಟು ದೊಡ್ಡ ಹೆಸರು ಬೇಡ; ಬೆರಳೊಂದು ನೆಟ್ಟಗಿದ್ದರೆ ಸಾಕು. ಮೊದಲ ದಿನ ಕುರ್ಚಿಯಲ್ಲಿ ಕೂತ ಕೂಡಲೇ ಹಳದಿ ಗುಂಡಿ ಸರಿಯಾಗಿ ಒತ್ತಿಕೊಳ್ಳುತ್ತದೆಯೇ ಎಂದು ಎರಡು ಸಲ ಒತ್ತಿ ನೋಡು, ಇಲ್ಲದಿದ್ದರೆ ಕೂಡಲೇ ರಿಪೇರಿಗೆ ಹೇಳು. ಉಳಿದೆರಡು ಕೆಟ್ಟಿದ್ದರೆ ಅವಸರವೇನಿಲ್ಲ.